ಹಾಡಿನ ಪೀರಿಯಡ್‌ಗೆ ಕತ್ತರಿ ಹಾಕಬೇಡಿ

ಪರೀಕ್ಷೆ ಹತ್ತಿರ ಬಂತೆಂದರೆ ಶಾಲೆಯ ವೇಳಾಪಟ್ಟಿಯಿಂದ ಮೊದಲು ಮಾಯವಾಗುವುದು ಹಾಡಿನ ಪೀರಿಯಡ್. ಅದರ ಬೆನ್ನಿಗೇ ಆಟದ ಪೀರಿಯಡ್ ಕೂಡ ಹೋಗುತ್ತದೆ. ಆ ಜಾಗಕ್ಕೆ ಗಣಿತವೋ ಇಂಗ್ಲಿಷೋ ಬಂದು ಕೂರುತ್ತದೆ. ಮಕ್ಕಳನ್ನು ಬಿಟ್ಟರೆ ಇದಕ್ಕಾಗಿ ಯಾರೂ ಬೇಸರಪಡುವುದಿಲ್ಲ; ಅನೇಕ ತಂದೆತಾಯಂದಿರಿಗಂತೂ ಸಂತೋಷವೇ ಆಗುತ್ತದೆ. ಇನ್ನು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬಹುಪಾಲು ಹಳ್ಳಿಶಾಲೆಗಳಲ್ಲಿ ಕತ್ತರಿಸುವುದಕ್ಕೆ ಆ ಪೀರಿಯಡ್ಡೇ ಇಲ್ಲ. ಇರುವ ಒಬ್ಬರೋ ಇಬ್ಬರೋ ಶಿಕ್ಷಕರು ಎಲ್ಲ ವಿಷಯ ಕಲಿಸಿ, ಬಿಸಿಯೂಟದ ಲೆಕ್ಕ ಬರೆದು, ಸಭೆಗಳಿಗೆ ಹೋಗಿ ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ.

ಆರೋಗ್ಯದ ಅಂಕಣದಲ್ಲಿ ಸಂಗೀತದ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಐದರಿಂದ ಒಂಬತ್ತು ವರ್ಷದ ಮಗುವಿಗೆ ಹಾಡಿನ ಪಾಠವೆಂದರೆ ಕಿವಿ, ಉಸಿರು, ನಾಲಗೆ ಮತ್ತು ಕೈಗಳನ್ನು ಒಟ್ಟಿಗೆ ಪಳಗಿಸುವ ಪಾಠ. ಶಾಲೆಯ ಬೇರೆ ಯಾವ ಪಾಠವೂ ಈ ನಾಲ್ಕಕ್ಕೂ ಒಂದೇ ಸಲ ಕೆಲಸ ಕೊಡುವುದಿಲ್ಲ. ಆದ್ದರಿಂದ ಈ ಪಾಠವನ್ನು ಕಳೆದುಕೊಂಡ ಮಗು ಕೇವಲ ನಾಲ್ಕು ಹಾಡು ಕಳೆದುಕೊಂಡಿತೆಂದು ತಿಳಿಯುವುದು ತಪ್ಪು. ಪ್ರತಿಯೊಂದು ಪ್ರಾಥಮಿಕ ಶಾಲೆಯಲ್ಲಿ, ಪ್ರತಿಯೊಂದು ತರಗತಿಯಲ್ಲಿ, ದಿನಕ್ಕೆ ಹದಿನೈದು ನಿಮಿಷ ಎಲ್ಲ ಮಕ್ಕಳೂ ಕೂಡಿ ಹಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಹಾರ್ಮೋನಿಯಂ ಬೇಕಿಲ್ಲ, ಕೀಬೋರ್ಡ್ ಬೇಕಿಲ್ಲ, ವಿದ್ವಾಂಸರೂ ಬೇಕಿಲ್ಲ. ಹೇಗೆಂಬುದನ್ನು ಮುಂದೆ ನೋಡೋಣ.

ಮೊದಲ ಪಾಠ: ಕೇಳುವುದು

ಹಾಡುವುದಕ್ಕೆ ಮುಂಚೆ ಮಗು ಕೇಳಬೇಕು. ಶಿಕ್ಷಕಿ ಒಂದು ಸಾಲು ಹೇಳಿಕೊಡುತ್ತಾರೆ. ಮಗು ಅದನ್ನು ಕೇಳಿ, ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ತಿರುಗಿ ಒಪ್ಪಿಸುತ್ತದೆ. ತನ್ನ ದನಿ ಶಿಕ್ಷಕಿಯ ದನಿಗೆ ಕೂಡಿತೇ ಇಲ್ಲವೇ ಎಂದು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಕೂಡದಿದ್ದರೆ ಸ್ವಲ್ಪ ಏರಿಸುತ್ತದೆ ಅಥವಾ ಇಳಿಸುತ್ತದೆ. ನೋಡುವವರಿಗೆ ಇದು ಗಿಳಿಪಾಠದಂತೆ ಕಂಡರೂ ಮೆದುಳಿಗೆ ಇದು ದೊಡ್ಡ ಕೆಲಸ. ಗದ್ದಲದ ನಡುವೆ ಬೇಕಾದ ಧ್ವನಿಯನ್ನು ಆರಿಸಿ ತೆಗೆಯುವ ಅಭ್ಯಾಸ ಇಲ್ಲಿ ಆಗುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಪಾಠ ಕೇಳಬೇಕಾದ ಮಗುವಿಗೆ ಇದಕ್ಕಿಂತ ಬೇಕಾದ ವಿದ್ಯೆ ಇನ್ನೇನಿದೆ?

ಅಮೆರಿಕದ ಲಾಸ್ ಏಂಜಲಿಸ್ ನಗರದ ಬಡ ಬಡಾವಣೆಗಳ ಮಕ್ಕಳಿಗೆ ಉಚಿತವಾಗಿ ಸಂಗೀತ ಕಲಿಸುವ ಒಂದು ಯೋಜನೆಯಿದೆ. ಅಲ್ಲಿನ ಮಕ್ಕಳನ್ನು ನೀನಾ ಕ್ರೌಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಪರೀಕ್ಷಿಸಿ 2014ರಲ್ಲಿ ವರದಿ ಪ್ರಕಟಿಸಿದರು. ಮಾತಿನ ಧ್ವನಿಗಳಲ್ಲಿರುವ ಸೂಕ್ಷ್ಮ ವ್ಯತ್ಯಾಸವನ್ನು ಮೆದುಳು ಗುರುತಿಸುವ ರೀತಿ ಒಂದು ವರ್ಷದ ಕಲಿಕೆಯಿಂದ ಬದಲಾಗಿರಲಿಲ್ಲ. ಎರಡು ವರ್ಷ ಕಲಿತವರಲ್ಲಿ ಅದು ಸುಧಾರಿಸಿತ್ತು. ಅಂದರೆ ಫಲ ನಿಧಾನವಾಗಿ ಬರುತ್ತದೆ. ಬೇಸಿಗೆ ರಜೆಯ ಹದಿನೈದು ದಿನದ ಶಿಬಿರದಿಂದ ಅದನ್ನು ನಿರೀಕ್ಷಿಸಬಾರದು.

ಹಾಡಿನ ಪಾಠಕ್ಕೆ ಇನ್ನೊಂದು ಉಪಯೋಗವಿದೆ. ಅದು ವೈದ್ಯರಿಗೆ ಸಂಬಂಧಿಸಿದ್ದು. ನಮ್ಮ ಕಡೆಯ ತಾಯಂದಿರು ಮಗುವನ್ನು ಕರೆತಂದು ಹೇಳುವ ಮಾತೊಂದಿದೆ: ‘ಏನೇಳಿದ್ರೂ ಕೇಳಾಕಿಲ್ಲ ಕಣ್ ಸಾ.’ ಕನ್ನಡದಲ್ಲಿ ಈ ‘ಕೇಳುವುದಿಲ್ಲ’ ಎಂಬುದಕ್ಕೆ ಎರಡು ಅರ್ಥ. ಮಗು ಹಟಮಾರಿ ಎಂದು ತಾಯಿ ಹೇಳುತ್ತಿರುತ್ತಾರೆ; ಕಿವಿ ನೋಡಿದರೆ ಮಗುವಿಗೆ ನಿಜವಾಗಿಯೂ ಕೇಳಿಸುತ್ತಿರುವುದಿಲ್ಲ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ಅಂಟು ನೀರು ತುಂಬಿಕೊಳ್ಳುವುದು ಸಾಮಾನ್ಯ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಳಿಕೆ ಮಕ್ಕಳಲ್ಲಿ ಗಿಡ್ಡವಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದು ಇದಕ್ಕೆ ಕಾರಣ. ನೋವಿಲ್ಲ, ಜ್ವರವಿಲ್ಲ, ಸೋರುವುದೂ ಇಲ್ಲ. ಕಿವಿಗೆ ಬೆರಳಿಟ್ಟುಕೊಂಡರೆ ಹೇಗೆ ಕೇಳಿಸುತ್ತದೋ ಹಾಗೆ ಕೇಳಿಸುತ್ತದೆ, ಅಷ್ಟೆ. ಇದರ ಬಗ್ಗೆ ಮಗು ದೂರುವುದಿಲ್ಲ; ಎಲ್ಲರಿಗೂ ಹೀಗೇ ಕೇಳಿಸುತ್ತದೆಂದು ಅದು ತಿಳಿದಿರುತ್ತದೆ.

ಇಂಥ ಮಗು ಹಾಡಿನ ತರಗತಿಯಲ್ಲಿ ಬೇಗ ಗುರುತು ಸಿಗುತ್ತದೆ. ಎಲ್ಲರೂ ಸಾಲು ಶುರುಮಾಡಿದ ಮೇಲೆ ಅರ್ಧ ಕ್ಷಣ ತಡೆದು ಸೇರಿಕೊಳ್ಳುತ್ತದೆ. ಪಕ್ಕದವರ ಬಾಯಿ ನೋಡಿ ತಾನೂ ಬಾಯಿ ಆಡಿಸುತ್ತದೆ. ಶಿಕ್ಷಕಿ ಹಲಗೆಯ ಕಡೆ ತಿರುಗಿ ಹಾಡಿದರೆ ಸುಮ್ಮನಾಗುತ್ತದೆ. ಅಂಥ ಮಗುವಿನ ಹಿಂದೆ ನಿಂತು ಮೆಲುದನಿಯಲ್ಲಿ ಒಂದು ಸಾಲು ಹಾಡಿ, ‘ಇದನ್ನು ಹೇಳು ಮಗು’ ಎಂದರೆ ಸಾಕು, ಅನುಮಾನ ಬಲವಾಗುತ್ತದೆ ಇಲ್ಲವೇ ಹೋಗುತ್ತದೆ. ಅನುಮಾನ ಬಂದರೆ ವೈದ್ಯರಿಗೆ ತೋರಿಸಬೇಕು. ಇಂಥ ನೀರು ಬಹುಮಟ್ಟಿಗೆ ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆ. ಇಂಗದಿದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಶ್ರವಣ ದೋಷವೂ ಅವರ ಪಟ್ಟಿಯಲ್ಲಿದೆ. ಆ ತಂಡ ಬಂದ ದಿನ ಶಿಕ್ಷಕರು ಅನುಮಾನವಿರುವ ಮಕ್ಕಳ ಹೆಸರನ್ನು ಮೊದಲೇ ಬರೆದಿಟ್ಟು ಕೊಟ್ಟರೆ ದೊಡ್ಡ ಉಪಕಾರ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಬೇರೆ ಬೇರೆ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ. ಮಂಡ್ಯದವರಿಗೆ ಅದು ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ. ಮಕ್ಕಳಲ್ಲಿ ಕಾಣುವ ಶ್ರವಣ ನಷ್ಟದಲ್ಲಿ ಶೇಕಡ 60ರಷ್ಟು ತಡೆಯಬಹುದಾದ ಕಾರಣಗಳಿಂದಲೇ ಆಗುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ತಾಳ ಕಲಿಸುವ ತಾಳ್ಮೆ

ಎರಡನೆಯ ಪಾಠ ತಾಳದ್ದು. ಮೂರು ನಾಲ್ಕು ವರ್ಷದ ಮಗು ಚಪ್ಪಾಳೆ ತಟ್ಟುವುದು ತನ್ನದೇ ಓಟದಲ್ಲಿ. ಬೇರೆಯವರ ಓಟಕ್ಕೆ ತನ್ನ ಕೈಯನ್ನು ಹೊಂದಿಸಿಕೊಳ್ಳುವುದು ಅದಕ್ಕೆ ನಿಧಾನವಾಗಿ, ವರ್ಷಗಳು ಕಳೆದಂತೆ ಬರುತ್ತದೆ. ಆತುರವಾದರೂ ಕೈ ತಡೆದು ಕಾಯಬೇಕು, ತಡವಾದರೆ ಚುರುಕಾಗಬೇಕು. ಈ ತಡೆದುಕೊಳ್ಳುವ ಶಕ್ತಿ ಐದಾರು ವರ್ಷದ ಮಗುವಿಗೆ ಎಲ್ಲದಕ್ಕೂ ಬೇಕು: ಸಾಲಿನಲ್ಲಿ ನಿಲ್ಲುವುದಕ್ಕೆ, ಇನ್ನೊಬ್ಬರ ಮಾತು ಮುಗಿಯುವವರೆಗೆ ಸುಮ್ಮನಿರುವುದಕ್ಕೆ, ರಸ್ತೆ ದಾಟುವುದಕ್ಕೆ.

ನಮ್ಮ ಕರ್ನಾಟಕ ಸಂಗೀತದಲ್ಲಿ ಇದಕ್ಕೊಂದು ಸೊಗಸಾದ ಕ್ರಮವಿದೆ. ಆದಿತಾಳಕ್ಕೆ ಎಂಟು ಎಣಿಕೆ. ಮೊದಲು ಒಂದು ಪೆಟ್ಟು; ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು; ನಂತರ ಪೆಟ್ಟು ಹಾಕಿ ಕೈ ಮಗುಚುವುದು ಎರಡು ಸಲ. ಬಾಯಿ ಸರಳೆವರಸೆ ಹೇಳುತ್ತಿರುವಾಗ ಕೈ ಈ ಲೆಕ್ಕ ಇಡುತ್ತಿರುತ್ತದೆ. ಅದೇ ವರಸೆಯನ್ನು ಒಂದನೆಯ ಕಾಲದಲ್ಲಿ ಹಾಡಿ, ಎರಡನೆಯ ಕಾಲದಲ್ಲಿ ಇಮ್ಮಡಿ ವೇಗದಲ್ಲಿ ಹಾಡಿ, ಮೂರನೆಯ ಕಾಲದಲ್ಲಿ ಅದರ ಇಮ್ಮಡಿ ವೇಗದಲ್ಲಿ ಹಾಡುವಾಗಲೂ ಕೈಯ ತಾಳ ಮಾತ್ರ ಬದಲಾಗಕೂಡದು. ಅರ್ಧ, ಕಾಲು ಎಂಬುದನ್ನು ಮಗು ಹಲಗೆಯ ಮೇಲೆ ನೋಡುವುದಕ್ಕೆ ಮುಂಚೆಯೇ ಬೆರಳುಗಳಲ್ಲಿ ಅನುಭವಿಸಿರುತ್ತದೆ. ಮಾಯಾಮಾಳವಗೌಳ ರಾಗದಲ್ಲಿ ಮೊದಲ ಪಾಠ ಶುರುಮಾಡುವ ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ. ಮಕ್ಕಳ ಮನಸ್ಸು ಬಲ್ಲವರು ಮಾಡಿದ ಕ್ರಮವಿದು ಎನ್ನುವುದರಲ್ಲಿ ಸಂಶಯವಿಲ್ಲ.

ಶಾಲೆಯಲ್ಲಿ ಇಷ್ಟು ದೂರ ಹೋಗುವುದು ಆಗದಿದ್ದರೆ ಕೋಲಾಟವಿದೆ. ತನ್ನ ಕೋಲು ಎದುರಿನವನ ಕೋಲಿಗೆ ಸರಿಯಾದ ಕ್ಷಣದಲ್ಲಿ ತಾಗಬೇಕು. ಇಲ್ಲದಿದ್ದರೆ ಬೆರಳಿಗೆ ಪೆಟ್ಟು. ಗಮನ, ಕೈಕಣ್ಣಿನ ಹೊಂದಾಣಿಕೆ, ಕಾಲಿನ ನಡೆ ಮೂರೂ ಅದರಲ್ಲಿವೆ. ವ್ಯಾಯಾಮವೂ ಆಯಿತು.

ಉಸಿರು ಮತ್ತು ಮಾತು

ಮಾತನಾಡುವಾಗ ನಾವು ಉಸಿರಿನ ಬಗ್ಗೆ ಯೋಚಿಸುವುದಿಲ್ಲ. ಹಾಡುವಾಗ ಯೋಚಿಸಲೇಬೇಕು. ಸಾಲು ಶುರುವಾಗುವ ಮುನ್ನ ಚುರುಕಾಗಿ ಉಸಿರು ತುಂಬಿಕೊಂಡು, ಸಾಲು ಮುಗಿಯುವವರೆಗೆ ಅದನ್ನು ಹಿಡಿತದಲ್ಲಿ ಬಿಡುತ್ತಾ ಹೋಗಬೇಕು. ಪದದ ಮಧ್ಯೆ ಉಸಿರು ತೆಗೆದರೆ ಹಾಡು ಕೆಡುತ್ತದೆ. ಗೂನುಬೆನ್ನಲ್ಲಿ ಕೂತರೆ ಉಸಿರು ಸಾಲುವುದಿಲ್ಲವಾದ್ದರಿಂದ ಮಗು ತಾನಾಗಿ ನೆಟ್ಟಗೆ ಕೂರುತ್ತದೆ. ಆದರೆ ಒಂದು ಎಚ್ಚರ: ಹಾಡಿದರೆ ಉಬ್ಬಸ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಬ್ಬಸದ ಮಗುವಿಗೆ ಹಾಡು ಸಂತೋಷ ಕೊಡುತ್ತದೆ. ಅದು ಹಾಡಲಿ, ಆದರೆ ಇನ್‌ಹೇಲರ್ ನಿಲ್ಲಿಸಬಾರದು.

ಕನ್ನಡ ಕಲಿಯುವುದಕ್ಕೂ ಹಾಡು ಬಹಳ ಸಹಾಯಕ. ನಮ್ಮ ಲಿಪಿಯಲ್ಲಿ ಹ್ರಸ್ವ, ದೀರ್ಘಗಳ ವ್ಯತ್ಯಾಸವೇ ಪದದ ಅರ್ಥವನ್ನು ಬದಲಾಯಿಸುತ್ತದೆ. ‘ಬಳೆ’ ಬೇರೆ, ‘ಬಾಳೆ’ ಬೇರೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಮಾತ್ರೆ ಎಂದು ವ್ಯಾಕರಣ ಹೇಳುತ್ತದೆ. ಇದನ್ನು ಬಾಯಿಪಾಠ ಮಾಡಿದ ಮಗುವೂ ಬರೆಯುವಾಗ ದೀರ್ಘ ಬಿಡುತ್ತದೆ. ಚಪ್ಪಾಳೆ ತಟ್ಟಿ ಹಾಡಿದ ಮಗುವಿನ ಕಿವಿಗೆ ಆ ಎರಡು ಮಾತ್ರೆಯ ಉದ್ದ ಗೊತ್ತಿರುತ್ತದೆ. ಹಾಗೆಯೇ ಪ್ರಾಸ. ಜಿ. ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳು ಇಷ್ಟು ಕಾಲ ಬಾಯಿಂದ ಬಾಯಿಗೆ ಉಳಿದು ಬಂದಿರುವುದಕ್ಕೆ ಅವುಗಳ ಪ್ರಾಸ, ಓಟಗಳೇ ಕಾರಣ. ಪದದ ಕೊನೆಯ ಸದ್ದು ಒಂದೇ ಎಂದು ಕಿವಿಯಲ್ಲಿ ಗುರುತಿಸಬಲ್ಲ ಮಗುವಿಗೆ ಓದು ಸುಲಭವಾಗಿ ಹತ್ತುತ್ತದೆ.

ನಮ್ಮ ಜಿಲ್ಲೆಗೆ ಸಂಬಂಧಿಸಿದ ಇನ್ನೊಂದು ವಿಷಯ. ಇಲ್ಲಿನ ಆಡುಮಾತಿನಲ್ಲಿ ಹಕಾರ ಬಿದ್ದುಹೋಗುತ್ತದೆ. ‘ಹಾಲು’ ಎಂಬುದು ‘ಆಲು’, ‘ಹಣ್ಣು’ ಎಂಬುದು ‘ಅಣ್ಣು’. ಇದು ರೋಗವೂ ಅಲ್ಲ, ದೋಷವೂ ಅಲ್ಲ. ನಮ್ಮ ಸೀಮೆಯ ಮಾತಿನ ರೀತಿ. ಆದರೆ ಮಗು ಬರೆಯುವಾಗ ‘ಆಲು’ ಎಂದೇ ಬರೆದು ಅಂಕ ಕಳೆದುಕೊಳ್ಳುತ್ತದೆ, ತರಗತಿಯಲ್ಲಿ ನಗೆಪಾಟಲಾಗುತ್ತದೆ. ನಗೆಪಾಟಲಾದ ಮಗು ಆಮೇಲೆ ಬಾಯಿಯನ್ನೇ ಬಿಡುವುದಿಲ್ಲ. ಹಾಡಿನಲ್ಲಿ ಈ ಹಕಾರವನ್ನು ಎಲ್ಲರೊಂದಿಗೆ, ಉಸಿರು ತುಂಬಿ, ಹತ್ತು ಸಲ ಹೇಳಬಹುದು. ಯಾರೂ ಒಬ್ಬರ ಕಡೆ ಬೆರಳು ಮಾಡುವುದಿಲ್ಲ. ಮನೆಯ ಮಾತು ಮನೆಯಲ್ಲಿರಲಿ, ಪುಸ್ತಕದ ಮಾತೂ ನಾಲಗೆಗೆ ಬರಲಿ. ಅವಮಾನವಿಲ್ಲದೆ ಎರಡನ್ನೂ ಕಲಿಸುವ ದಾರಿ ಇದು.

ಉಗ್ಗುವ ಮಕ್ಕಳ ವಿಷಯವನ್ನೂ ಹೇಳಬೇಕು. ಮಾತಿನಲ್ಲಿ ಎಡವುವ ಮಗು ಹಾಡುವಾಗ, ಎಲ್ಲರೊಂದಿಗೆ ಸೇರಿ ಪದ್ಯ ಹೇಳುವಾಗ ಸಾಮಾನ್ಯವಾಗಿ ಎಡವುವುದಿಲ್ಲ. ಇದರಿಂದ ಉಗ್ಗು ವಾಸಿಯಾಗುತ್ತದೆಂದಲ್ಲ. ಅದಕ್ಕೆ ವಾಕ್ ತಜ್ಞರ ತರಬೇತಿಯೇ ಬೇಕು. ಆದರೆ ದಿನಕ್ಕೊಮ್ಮೆಯಾದರೂ ತನ್ನ ನಾಲಗೆ ತಾನು ಹೇಳಿದಂತೆ ಕೇಳುವ ಅನುಭವ ಆ ಮಗುವಿಗೆ ಸಿಗುತ್ತದೆ. ಅದರ ಬೆಲೆ ಉಗ್ಗುವವರಿಗೇ ಗೊತ್ತು.

ಕೂಡಿ ಹಾಡುವ ಗುಣ

ಮಂಡ್ಯ ಸೀಮೆಯ ಹಾಡುಗಳೆಲ್ಲ ಹೆಚ್ಚಾಗಿ ಕೂಡಿ ಹಾಡುವಂಥವು. ಮದುವೆ ಮನೆಯ ಸೋಬಾನೆಯಲ್ಲಿ ಒಬ್ಬರು ಪದ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಮಾದಪ್ಪನ ಕಂಸಾಳೆಯಲ್ಲೂ ಹಾಗೆಯೇ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವಿದೆ. ಆ ಪರಂಪರೆಯ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ರಾತ್ರಿಯಿಡೀ ಕಥೆ ಹಾಡುವಾಗಲೂ ಹಿಮ್ಮೇಳದವರು ದನಿಗೂಡಿಸಬೇಕು. ಮಳವಳ್ಳಿ ಮಹದೇವಸ್ವಾಮಿ ಅವರ ಕಂಠದ ಮಾದಪ್ಪನ ಕಥೆ ಕೇಳದ ಊರು ನಮ್ಮ ಕಡೆ ಇಲ್ಲವೆಂದೇ ಹೇಳಬಹುದು. ಎತ್ತಿಕೊಡುವವರು, ಸೊಲ್ಲು ಹಿಡಿಯುವವರು ಎಂಬ ಈ ಏರ್ಪಾಡು ಚಿಕ್ಕ ಮಕ್ಕಳ ತರಗತಿಗೆ ಹೇಳಿಮಾಡಿಸಿದಂತಿದೆ. ನಾಚಿಕೆಯ ಮಗು ಸೊಲ್ಲಿನಲ್ಲಿ ಸೇರಿಕೊಳ್ಳುತ್ತದೆ. ಧೈರ್ಯ ಬಂದ ದಿನ ಪದ ಎತ್ತುತ್ತದೆ.

ಕೂಡಿ ಹಾಡಿದರೆ ಮಕ್ಕಳ ನಡವಳಿಕೆ ಬದಲಾಗುತ್ತದೆಯೇ? ಜರ್ಮನಿಯಲ್ಲಿ ಕಿರ್ಶ್‌ನರ್ ಮತ್ತು ಟೊಮಸೆಲೊ ಎಂಬ ಸಂಶೋಧಕರು ನಾಲ್ಕು ವರ್ಷದ 96 ಮಕ್ಕಳ ಮೇಲೆ ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಮಕ್ಕಳನ್ನು ಜೋಡಿ ಜೋಡಿ ಮಾಡಿ ಕೆಲವರಿಗೆ ಹಾಡು, ಕುಣಿತ ಸೇರಿದ ಆಟ ಆಡಿಸಿದರು. ಉಳಿದವರಿಗೆ ಅದೇ ಆಟವನ್ನು ಹಾಡಿಲ್ಲದೆ ಆಡಿಸಿದರು. ಆಮೇಲೆ ಒಂದು ಮಗುವಿನ ಗೋಲಿಗಳು ಚೆಲ್ಲಿಹೋಗುವಂತೆ ಮಾಡಿ, ಜೊತೆಯ ಮಗು ಸಹಾಯಕ್ಕೆ ಬರುತ್ತದೆಯೇ ಎಂದು ನೋಡಿದರು. ಕೂಡಿ ಹಾಡಿದ ಮಕ್ಕಳು ಹೆಚ್ಚಾಗಿ ಸಹಾಯಕ್ಕೆ ಬಂದರು. ಇದು ಚಿಕ್ಕ ಪ್ರಯೋಗ. ಆದರೆ ಸೋಬಾನೆ ಹಾಡುವ ಹೆಂಗಸರನ್ನು ಕೇಳಿದರೆ ಅವರೂ ಇದನ್ನೇ ಹೇಳಿಯಾರು.

ಬುದ್ಧಿ ಹೆಚ್ಚುತ್ತದೆಯೇ?

ಚಿಕಿತ್ಸಾಲಯಕ್ಕೆ ಬರುವ ತಂದೆತಾಯಂದಿರು ಕೇಳುವ ಪ್ರಶ್ನೆ ಮಾತ್ರ ಬೇರೆ: ‘ಡಾಕ್ಟರೇ, ಸಂಗೀತಕ್ಕೆ ಸೇರಿಸಿದರೆ ಜ್ಞಾಪಕಶಕ್ತಿ ಜಾಸ್ತಿ ಆಗುತ್ತದಂತೆ, ಗಣಿತ ಚೆನ್ನಾಗಿ ಬರುತ್ತದಂತೆ, ಹೌದೇ?’ ಖಾಸಗಿ ತರಗತಿಗಳ ಜಾಹೀರಾತುಗಳೂ ಇದನ್ನೇ ಸಾರುತ್ತವೆ. ಈ ನಂಬಿಕೆಯ ಮೂಲವನ್ನು ಸ್ವಲ್ಪ ನೋಡೋಣ.

1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್‌ನ ಸಂಗೀತ ಕೇಳಿಸಿ, ಆಕಾರಗಳಿಗೆ ಸಂಬಂಧಿಸಿದ ಕೆಲವು ಲೆಕ್ಕ ಕೊಟ್ಟರು. ಅಂಕ ಸ್ವಲ್ಪ ಹೆಚ್ಚಿತು. ಆ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಕೂಸುಗಳ ಮೇಲೆ ಪ್ರಯೋಗ ನಡೆದಿರಲೇ ಇಲ್ಲ. ಆದರೂ ಸುದ್ದಿ ಹಬ್ಬಿ, ಜಾರ್ಜಿಯ ರಾಜ್ಯದ ಗವರ್ನರ್ 1998ರಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಕೊಡಲು ಸರ್ಕಾರದ ಹಣ ಕೇಳಿದರು! ವ್ಯಾಪಾರಿಗಳಿಗೆ ಇಷ್ಟು ಸಾಕಾಯಿತು.

ಸ್ವತಃ ಹಾಡು, ವಾದ್ಯ ಕಲಿತ ಮಕ್ಕಳ ಮೇಲೆ ಸರಿಯಾದ ಅಧ್ಯಯನ ನಡೆದದ್ದು ಆಮೇಲೆ. ಕೆನಡಾದ ಶೆಲೆನ್‌ಬರ್ಗ್ ಎಂಬುವರು ಆರು ವರ್ಷದ 144 ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಒಂದು ಗುಂಪಿಗೆ ಕೀಬೋರ್ಡ್, ಒಂದಕ್ಕೆ ಹಾಡು, ಒಂದಕ್ಕೆ ನಾಟಕ ಕಲಿಸಿ, ಇನ್ನೊಂದಕ್ಕೆ ಏನೂ ಕಲಿಸದೆ ವರ್ಷದ ಕೊನೆಗೆ ಬುದ್ಧಿಮಾಪನ ಮಾಡಿ 2004ರಲ್ಲಿ ಪ್ರಕಟಿಸಿದರು. ಎಲ್ಲರ ಅಂಕವೂ ಏರಿತ್ತು. ಸಂಗೀತ ಕಲಿತವರದು ಸುಮಾರು 7, ಉಳಿದವರದು ಸುಮಾರು 4. ವ್ಯತ್ಯಾಸ ಮೂರಕ್ಕಿಂತ ಕಡಿಮೆ. ನಾಟಕದ ಗುಂಪಿನವರ ಸಾಮಾಜಿಕ ನಡವಳಿಕೆ ಎಲ್ಲರಿಗಿಂತ ಹೆಚ್ಚು ಸುಧಾರಿಸಿತ್ತು ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. 2020ರಲ್ಲಿ ಸಾಲಾ ಮತ್ತು ಗೊಬೆ ಎಂಬಿಬ್ಬರು ಇಂಥ 54 ಅಧ್ಯಯನಗಳನ್ನು, ಸುಮಾರು 7,000 ಮಕ್ಕಳ ಫಲಿತಾಂಶಗಳನ್ನು ಒಟ್ಟಿಗೆ ಜಾಲಾಡಿದರು. ಅಧ್ಯಯನ ಕಟ್ಟುನಿಟ್ಟಾಗಿದ್ದಷ್ಟೂ ಅಂಕ, ಬುದ್ಧಿಗಳ ಲಾಭ ಸೊನ್ನೆಯ ಹತ್ತಿರ ಬಂದಿತ್ತು.

ಇದನ್ನು ಓದಿ, ‘ಹಾಗಾದರೆ ಸಂಗೀತ ಬೇಡ’ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಮಗು ಊಟ ಮಾಡುವುದು, ಆಡುವುದು, ನಗುವುದು ಎಲ್ಲವನ್ನೂ ಗಣಿತದ ಅಂಕದಿಂದಲೇ ಅಳೆಯುತ್ತೀರಾ? ಹಾಡಿನ ಪಾಠ ಕಲಿಸುವುದು ಕೇಳುವುದನ್ನು, ಕಾಯುವುದನ್ನು, ಉಸಿರಾಡುವುದನ್ನು, ಸ್ಪಷ್ಟವಾಗಿ ಮಾತನಾಡುವುದನ್ನು, ನಾಲ್ವರೊಡನೆ ಬೆರೆಯುವುದನ್ನು. ಇಷ್ಟು ಸಾಲದೆ? ಬುದ್ಧಿ ಹೆಚ್ಚಿಸುವ ಟಾನಿಕ್ ಎಂದು ಅದನ್ನು ಮಾರಿದರೆ, ಅಂಕ ಬಾರದ ದಿನ ಅದೇ ಟಾನಿಕ್‌ನಂತೆ ಕಸದ ಬುಟ್ಟಿಗೆ ಹೋಗುತ್ತದೆ.

ಗಂಟಲಿಗೆ ಆಗುವ ಅಪಾಯ

ಕೆಟ್ಟದಾಗಿ ಕಲಿಸಿದರೆ ಹಾಡಿನಿಂದ ತೊಂದರೆಯೂ ಉಂಟು. ‘ಜೋರಾಗಿ, ಇನ್ನೂ ಜೋರಾಗಿ’ ಎಂದು ಮಕ್ಕಳನ್ನು ಕಿರುಚಿಸುವ ರೂಢಿ ಅನೇಕ ಕಡೆ ಇದೆ. ಮಕ್ಕಳ ಧ್ವನಿತಂತುಗಳು ಗಿಡ್ಡ, ಮೃದು. ಸದಾ ಕಿರುಚುವ ಮಕ್ಕಳಲ್ಲಿ ಅವುಗಳ ಅಂಚಿನಲ್ಲಿ ಸಣ್ಣ ಗಂಟುಗಳಾಗಿ ದನಿ ಒಡೆಯುತ್ತದೆ. ನೆಗಡಿಯಿಲ್ಲದೆ ಎರಡು ಮೂರು ವಾರಕ್ಕಿಂತ ಹೆಚ್ಚು ಕಾಲ ದನಿ ಗೊಗ್ಗರಾಗಿದ್ದರೆ ಕಿವಿ ಮೂಗು ಗಂಟಲು ತಜ್ಞರಿಗೆ ತೋರಿಸಿ. ಇದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಕಿರುಚುವುದನ್ನು ಬಿಡಿಸಿ ದನಿಯ ಸರಿಯಾದ ಬಳಕೆ ಕಲಿಸಿದರೆ ಗುಣವಾಗುತ್ತದೆ.

ಇನ್ನೊಂದು, ಶ್ರುತಿಯ ವಿಷಯ. ಗಂಡಸು ಮೇಷ್ಟರು ತಮಗೆ ಹಿತವಾದ ತಗ್ಗಿನ ಶ್ರುತಿಯಲ್ಲಿ ಹಾಡಿದರೆ ಮಕ್ಕಳ ದನಿ ಅಲ್ಲಿಗೆ ಇಳಿಯುವುದಿಲ್ಲ. ಸಿನಿಮಾ ಹಾಡಿನ ತಾರಸ್ಥಾಯಿಗೆ ಏರುವುದೂ ಇಲ್ಲ. ಮಕ್ಕಳೇ ತಮ್ಮಷ್ಟಕ್ಕೆ ಆಡುತ್ತಾ ಯಾವ ಎತ್ತರದಲ್ಲಿ ಹಾಡಿಕೊಳ್ಳುತ್ತವೋ ಅದೇ ಅವುಗಳ ಶ್ರುತಿ. ಶಿಕ್ಷಕರು ಅಲ್ಲಿಗೆ ಬರಬೇಕು. ಐದಾರು ಸ್ವರಗಳೊಳಗೆ ಓಡಾಡುವ ಹಾಡು ಸಾಕು.

ವಾರ್ಷಿಕೋತ್ಸವದ ದಿನ ಮಕ್ಕಳನ್ನು ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಪಕ್ಕದಲ್ಲೇ ಗಂಟೆಗಟ್ಟಲೆ ನಿಲ್ಲಿಸುವುದನ್ನೂ ಕೈಬಿಡಬೇಕು. ಹಾಡು ಕಲಿಸುವ ಶಾಲೆಯೇ ಕಿವಿ ಕೆಡಿಸಬಾರದು.

‘ನಿನಗೆ ಬರುವುದಿಲ್ಲ, ಸುಮ್ಮನಿರು’

ಎಲ್ಲಕ್ಕಿಂತ ದೊಡ್ಡ ಗಾಯ ಗಂಟಲಿನದಲ್ಲ. ಆರು ವರ್ಷದ ಮಗುವಿಗೆ ‘ನಿನ್ನ ದನಿ ಕತ್ತೆಯ ಹಾಗಿದೆ, ಬಾಯಿ ಮಾತ್ರ ಆಡಿಸು’ ಎಂದು ಹೇಳುವವರಿದ್ದಾರೆ. ಬಹುಮಾನ ಬರಬೇಕೆಂದು ಶ್ರುತಿ ಕೂಡದ ಮಕ್ಕಳನ್ನು ಹಿಂದಿನ ಸಾಲಿಗೆ ತಳ್ಳುತ್ತಾರೆ, ಇಲ್ಲವೇ ಬಿಟ್ಟೇಬಿಡುತ್ತಾರೆ. ಈ ಒಂದು ಮಾತು ಕೇಳಿ ಜೀವನದಲ್ಲಿ ಮತ್ತೆಂದೂ ಹಾಡದವರು ಎಷ್ಟು ಮಂದಿಯೋ! ಐವತ್ತು ವರ್ಷದವರನ್ನು ಕೇಳಿದರೂ ಹೇಳಿದವರು ಯಾರು, ಯಾವ ತರಗತಿಯಲ್ಲಿ ಎಂದು ನೆನಪಿಟ್ಟುಕೊಂಡಿರುತ್ತಾರೆ.

ವೈದ್ಯಕೀಯವಾಗಿ ನೋಡಿದರೂ ಆ ಮಾತು ತಪ್ಪು. ಸ್ವರದ ಏರಿಳಿತವನ್ನು ಹುಟ್ಟಿನಿಂದಲೇ ಗುರುತಿಸಲಾರದ ಸ್ಥಿತಿಯೊಂದಿದೆ, ನಿಜ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಅದು ಇರುವುದು ನೂರಕ್ಕೆ ಒಂದೂವರೆ ಮಂದಿಗೆ. ಉಳಿದ ಮಕ್ಕಳದು ಅಭ್ಯಾಸದ ಕೊರತೆ ಮಾತ್ರ. ಐದು ವರ್ಷದಲ್ಲಿ ಒಂದೇ ದನಿಯಲ್ಲಿ ಗುನುಗುವ ಮಗು ದಿನಾ ಹಾಡುತ್ತಿದ್ದರೆ ಏಳೆಂಟು ವರ್ಷದ ಹೊತ್ತಿಗೆ ಶ್ರುತಿಗೆ ಬಂದಿರುತ್ತದೆ. ನಡೆಯಲು ಕಲಿಯುವ ಮಗು ಬಿದ್ದರೆ ‘ನಿನಗೆ ನಡಿಗೆ ಬರುವುದಿಲ್ಲ, ಕೂತಿರು’ ಎನ್ನುವವರುಂಟೇ?

ಸ್ಪರ್ಧೆ ಬೇಡವೆಂದು ನಾನು ಹೇಳುವುದಿಲ್ಲ. ಪ್ರತಿಭಾ ಕಾರಂಜಿಯಿಂದ ಹಳ್ಳಿಯ ಎಷ್ಟೋ ಮಕ್ಕಳು ವೇದಿಕೆ ಕಂಡಿದ್ದಾರೆ. ಆದರೆ ಆರಿಸಿದ ಮೂವರಿಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿ, ಉಳಿದ ಮೂವತ್ತೇಳು ಮಕ್ಕಳನ್ನು ಚಪ್ಪಾಳೆಗೆ ಮಾತ್ರ ಇಟ್ಟುಕೊಂಡರೆ ಅದನ್ನು ಸಂಗೀತ ಶಿಕ್ಷಣ ಎನ್ನಲಾಗದು.

ಕಲಿಸುವವರು ಯಾರು?

‘ಸಂಗೀತ ಶಿಕ್ಷಕರೇ ಇಲ್ಲವಲ್ಲ’ ಎಂಬುದು ಎಲ್ಲರ ಉತ್ತರ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರ, ನಾಟಕ ಈ ನಾಲ್ಕನ್ನೂ ಹತ್ತನೆಯ ತರಗತಿಯವರೆಗೆ ಕಡ್ಡಾಯ ಮಾಡಬೇಕೆಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಗೆ ಒತ್ತು ಕೊಟ್ಟಿದೆ. ಕಾಗದದ ಮೇಲೆ ಕೊರತೆಯಿಲ್ಲ. ಶಿಕ್ಷಕರನ್ನು ನೇಮಿಸಿ ಎಂದು ಕೇಳುವುದು ನಮ್ಮ ಹಕ್ಕು, ಕೇಳೋಣ. ಅವರು ಬರುವ ತನಕ ಮಕ್ಕಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ.

ದಾರಿ ನಮ್ಮ ಪಕ್ಕದಲ್ಲೇ ಇದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯೂನಿಸೆಫ್ ನೆರವಿನೊಂದಿಗೆ ‘ನಲಿಕಲಿ’ ಆರಂಭವಾಯಿತು. ಹಾಡು, ಆಟ, ಕಥೆಗಳ ಮೂಲಕ ಕಲಿಸುವ ಈ ಪದ್ಧತಿಯನ್ನು ರೂಪಿಸಿದವರಲ್ಲಿ ಸಾಮಾನ್ಯ ಶಾಲಾ ಶಿಕ್ಷಕರೇ ಮುಂದಿದ್ದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಅಲ್ಲಿ ಅಭಿನಯಿಸುತ್ತಾ ಹಾಡುವ ಮೇಡಂಗಳು ಯಾವ ಸಂಗೀತ ಪರೀಕ್ಷೆಯನ್ನೂ ಪಾಸು ಮಾಡಿದವರಲ್ಲ.

ಹಂಗೆರಿ ದೇಶದ ಜೋಲ್ತಾನ್ ಕೊದಾಯ್ (1882-1967) ಹಳ್ಳಿಹಳ್ಳಿ ತಿರುಗಿ ಜನಪದ ಗೀತೆ ಸಂಗ್ರಹಿಸಿದ ಸಂಗೀತಗಾರ. ಮಗುವಿನ ಮೊದಲ ಸಂಗೀತ ತನ್ನ ನುಡಿಯ ಜನಪದ ಹಾಡೇ ಆಗಿರಬೇಕು, ಮೊದಲ ವಾದ್ಯ ಅದರ ಕಂಠವೇ ಆಗಿರಬೇಕು ಎಂಬುದು ಅವರ ವಾದ. 1950ರಲ್ಲಿ ಕೆಚ್ಕೆಮೇಟ್ ಎಂಬ ಊರಿನಲ್ಲಿ ಅವರ ವಿಚಾರದಂತೆ ಹಾಡಿಗೆ ಮೊದಲ ಸ್ಥಾನ ಕೊಟ್ಟ ಪ್ರಾಥಮಿಕ ಶಾಲೆ ಶುರುವಾಯಿತು. ನಮಗೂ ಅಂಥವರೊಬ್ಬರಿದ್ದರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು (1915-2005) ಜನಪದ ಗೀತೆಗಳನ್ನು ಸಂಗ್ರಹಿಸಿ, ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಹಾಡುಗಳ ಕಣಜ ತುಂಬಿದೆ. ಶಾಲೆಗೆ ತರುವ ಕೆಲಸವಷ್ಟೇ ಬಾಕಿ. ಊರಿನಲ್ಲಿ ಸೋಬಾನೆ ಬಲ್ಲ ಅಜ್ಜಿಯರು, ಕೋಲಾಟ ಬಲ್ಲ ಹಿರಿಯರು ಈಗಲೂ ಇದ್ದಾರೆ. ತಿಂಗಳಿಗೊಮ್ಮೆ ಅವರನ್ನು ಕರೆದು ಮಕ್ಕಳ ನಡುವೆ ಕೂರಿಸಲು ಯಾವ ಆದೇಶವೂ ಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿಯವರು ಮನಸ್ಸು ಮಾಡಿದರೆ ಸಾಕು.

ಬೆಳಗಿನ ಪ್ರಾರ್ಥನೆಯೂ ಒಂದು ಅವಕಾಶ. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ರಾಜ್ಯ ಸರ್ಕಾರ ಗೊತ್ತುಪಡಿಸಿತು. ಧ್ವನಿಮುದ್ರಣ ಹಾಕಿ ಮಕ್ಕಳನ್ನು ಕೈಕಟ್ಟಿ ನಿಲ್ಲಿಸುವ ಬದಲು, ಮಕ್ಕಳಿಂದಲೇ ಹಾಡಿಸಿ. ಎಲ್ಲಿ ಉಸಿರು ತೆಗೆಯಬೇಕು, ಯಾವ ಪದ ದೀರ್ಘ, ಅದರ ಅರ್ಥವೇನು ಎಂದು ದಿನಕ್ಕೊಂದು ಸಾಲು ಬಿಡಿಸಿ ಹೇಳಿ. ಅದೇ ಸಂಗೀತ ಪಾಠ.

ಮನೆಯವರಿಗೆ ಕೆಲವು ಮಾತು

ಮಗುವನ್ನು ಶಾಲೆಗೆ ಸೇರಿಸುವಾಗ ಕಂಪ್ಯೂಟರ್ ಇದೆಯೇ ಎಂದು ಕೇಳುವಂತೆ, ಎಲ್ಲ ಮಕ್ಕಳೂ ದಿನಾ ಹಾಡುತ್ತಾರೆಯೇ ಎಂದೂ ಕೇಳಿ. ಪರೀಕ್ಷೆಯ ನೆಪದಲ್ಲಿ ಹಾಡಿನ ಪೀರಿಯಡ್ ತೆಗೆದರೆ ಪೋಷಕರ ಸಭೆಯಲ್ಲಿ ಪ್ರಶ್ನಿಸಿ.

ಹಾಡು ಕಲಿತು ಬಂದ ಮಗುವನ್ನು ನೆಂಟರ ಮುಂದೆ ಬಲವಂತವಾಗಿ ಹಾಡಿಸಬೇಡಿ. ಆದರೆ ಅದು ತಾನಾಗಿ ಹಾಡುವಾಗ ಟಿ.ವಿ. ಆರಿಸಿ ಕೇಳಿ. ಮೊಬೈಲ್‌ನಲ್ಲಿ ಹಾಡು ಹಾಕಿಕೊಟ್ಟರೆ ಅದು ಕಲಿಕೆಯಾಗುವುದಿಲ್ಲ. ಮಗು ಬಾಯಿಬಿಟ್ಟು ಹಾಡಬೇಕು, ಎದುರಿಗೊಬ್ಬರು ಇರಬೇಕು. ಇಯರ್‌ಫೋನ್ ಚಿಕ್ಕ ಮಕ್ಕಳಿಗೆ ಬೇಡ.

ಕಿವಿಗೆ ಕಾಯಿಸಿದ ಎಣ್ಣೆ ಬಿಡಬೇಡಿ. ಪಿನ್ನು, ಬೆಂಕಿಕಡ್ಡಿ ಹಾಕಿ ಗುಗ್ಗೆ ತೆಗೆಯಬೇಡಿ. ಕೂಸನ್ನು ಅಂಗಾತ ಮಲಗಿಸಿ ಬಾಟಲಿ ಹಾಲು ಕುಡಿಸಬೇಡಿ. ಕಿವಿ ಸೋರುತ್ತಿದ್ದರೆ ‘ದೊಡ್ಡವನಾದಂತೆ ಹೋಗುತ್ತದೆ’ ಎಂದು ಕಾಯಬೇಡಿ. ಮಗು ಟಿ.ವಿ. ಸದ್ದು ಹೆಚ್ಚಿಸುತ್ತಿದ್ದರೆ, ಕರೆದರೆ ತಿರುಗದಿದ್ದರೆ, ‘ಆಂ, ಆಂ’ ಎಂದು ಪದೇ ಪದೇ ಕೇಳುತ್ತಿದ್ದರೆ ಬೈಯುವ ಮುನ್ನ ಕಿವಿ ತೋರಿಸಿ.

ಮಗು ವಿದ್ವಾಂಸನಾಗುವುದು ಬಿಡುವುದು ಮುಂದಿನ ಮಾತು. ಹಾಗೆ ಆಸಕ್ತಿ ತೋರಿದರೆ ಏಳೆಂಟು ವರ್ಷದ ಮೇಲೆ ಒಳ್ಳೆಯ ಗುರುಗಳ ಬಳಿ ಸೇರಿಸಬಹುದು. ಈಗ ಬೇಕಾಗಿರುವುದು ದಿನಕ್ಕೆ ಹದಿನೈದು ನಿಮಿಷ, ಎಲ್ಲ ಮಕ್ಕಳಿಗೂ, ತಪ್ಪದೆ. ಗಣಿತದ ಮೇಷ್ಟರು ಅಷ್ಟು ಹೊತ್ತನ್ನು ಬಿಟ್ಟುಕೊಟ್ಟರೆ ಗಣಿತಕ್ಕೇನೂ ನಷ್ಟವಾಗದು. ಕೇಳಿಸಿಕೊಳ್ಳಲು ಕಲಿತ ಮಕ್ಕಳು ಅವರ ಪಾಠವನ್ನೂ ಕೇಳಿಸಿಕೊಂಡಾರು.